ತೊಡೆಯ ಮೇಲೆ ಕೂರುವ ಪೆಟ್ಟಿಗೆ

ಹದಿಮೂರು ಕಿಲೋ ತೂಗುವ ಕಂಪ್ಯೂಟರನ್ನು ಬಸ್ಸಿನಲ್ಲಿ ಕೊಂಡೊಯ್ದರೆ ಏನಾಗುತ್ತದೆಂದು ಆ ಮನೆಯವರಿಗೆ ಒಂದೇ ಸಲಕ್ಕೆ ಗೊತ್ತಾಗಿಹೋಗಿತ್ತು. ಸೊಸೆ ತವರಿನಿಂದ ತಂದಿದ್ದ ಆ ಎತ್ತರದ ಡಬ್ಬವನ್ನು ಕಂಪ್ಯೂಟರ್ ಆಟದ ಪಂದ್ಯಾವಳಿಯ ಸೆಮಿಫೈನಲ್ ಆಡಲು ನಗರಕ್ಕೆ ಒಯ್ದಿದ್ದಳು. ಹೋಗುವಾಗ ಹೇಗೋ ಬದುಕಿಕೊಂಡಿತು. ಗೆದ್ದು ಬರುವಾಗ ಬಸ್ಸು ಒಂದು ಗುಂಡಿಗೆ ಧಡಾರನೆ ಇಳಿಯಿತು. ಪರದೆಗೆ ಚಿತ್ರ ಕಳಿಸುವ ಭಾರದ ಗ್ರಾಫಿಕ್ಸ್ ಕಾರ್ಡು ಕಿತ್ತುಬಂತು, ಬರುವಾಗ ಮದರ್‌ಬೋರ್ಡಿನ ಒಂದು ತುಂಡನ್ನೂ ಜೊತೆಗೆ ಎಳೆದುಕೊಂಡು ಬಂತು. ಮನೆಗೆ ಬಂದು ಮುಚ್ಚಳ ತೆಗೆದಾಗ ಒಳಗೆ ಬದುಕಿ ಉಳಿದದ್ದು ಎರಡು ಮೆಮರಿ ಪಟ್ಟಿ, ಕಡತಗಳನ್ನು ಕೂಡಿಡುವ ಒಂದು ಎಸ್‌ಎಸ್‌ಡಿ, ಅಷ್ಟೆ.

ಫೈನಲ್ಲಿಗೆ ಇನ್ನು ಐದು ವಾರವಿತ್ತು. ಐದು ಜನ ಹೆಣ್ಣುಮಕ್ಕಳ ತಂಡ. ಪರದೆಯನ್ನು ಪಂದ್ಯ ನಡೆಸುವವರೇ ಕೊಡುತ್ತಾರೆ, ಮೆಷಿನ್ನನ್ನು ಮಾತ್ರ ಆಡುವವರೇ ತರಬೇಕು. "ಎರಡು ವಾರ ಮೊದಲೇ ನಿನ್ನ ಮೆಷಿನ್ನು ಓಡ್ತಿರಬೇಕು. ಇಲ್ಲಾಂದ್ರೆ ಬದಲಿ ಹುಡುಗೀನ ಹಾಕ್ಕೋತೀನಿ, ಬೇಜಾರು ಮಾಡ್ಕೋಬೇಡ" ಎಂದು ತಂಡದ ನಾಯಕಿ ಫೋನಿನಲ್ಲಿ ಹೇಳಿದ್ದಳು. ಸೊಸೆ ಬೇಜಾರು ಮಾಡಿಕೊಳ್ಳಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು, ಹಾಳೆಯ ಮೇಲೆ ಒಂದೊಂದೇ ಸಾಮಾನಿನ ಹೆಸರು ಬರೆಯುವುದು, ಹೊಡೆದುಹಾಕುವುದು, ಮತ್ತೆ ಬರೆಯುವುದು, ಇದನ್ನೇ ಮೂರು ದಿನದಿಂದ ಮಾಡುತ್ತಿದ್ದಳು.

ನಾಲ್ಕನೆಯ ದಿನ ಬೆಳಗಿನ ಪಾಳಿ ಮುಗಿಸಿ ಬಂದ ಅತ್ತೆ, ತೋಳಿಗಂಟಿದ್ದ ಕೋಳಿಮರಿಗಳ ನವಿರು ತುಪ್ಪಳವನ್ನು ಬಾಗಿಲಲ್ಲೇ ಕೊಡವಿಕೊಂಡು ಒಳಗೆ ಬಂದು ಆ ಹಾಳೆಯನ್ನು ನೋಡಿದಳು. ಊರಾಚೆಯ ಹ್ಯಾಚರಿಯಲ್ಲಿ ಮೊಟ್ಟೆಗಳಿಗೆ ಕಾವು ಕೊಡುವ ಮೆಷಿನ್ನುಗಳ ಉಸ್ತುವಾರಿ ಅವಳದು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಅರ್ಧ ಡಿಗ್ರಿ ಏರಿಳಿದರೂ ಥರ್ಮಾಮೀಟರ್ ನೋಡುವ ಮೊದಲೇ ಅವಳ ಕೆನ್ನೆಗೆ ತಿಳಿಯುತ್ತದೆ ಎಂದು ಅಲ್ಲಿಯವರು ಹೇಳುತ್ತಿದ್ದರು.

"ಏನೇ ಇದು, ಇಷ್ಟೊಂದು ಹೊಡೆದುಹಾಕಿದೀಯಾ? ಹಾಳೆಗೆ ಮೈತುಂಬ ಗಾಯ."

"ಎಪ್ಪತ್ತು ಸಾವಿರದಲ್ಲಿ ಆಗಬೇಕು ಅತ್ತೆ. ಜೊತೆಗೆ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಹೋಗೋ ಹಾಗಿರಬೇಕು. ಎರಡೂ ಒಟ್ಟಿಗೆ ಆಗ್ತಿಲ್ಲ."

"ನಡಿ, ಅಂಗಡಿಗೇ ಹೋಗೋಣ. ನಾನೂ ಬರ್ತೀನಿ."

"ನೀವಾ?"

"ಯಾಕೆ, ನಾನು ಬಂದ್ರೆ ಕಂಪ್ಯೂಟರ್ ನಾಚ್ಕೊಳುತ್ತಾ?"

ಕಂಪ್ಯೂಟರ್ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಗಾಜಿನ ಬೀರುವಿನ ತುಂಬ ಬಣ್ಣಬಣ್ಣದ ದೀಪ ಮಿನುಗುವ ಪೆಟ್ಟಿಗೆಗಳು. ಅಂಗಡಿಯವನು ಸೊಸೆಯ ಹಾಳೆಯನ್ನು ಒಂದು ಸಲ ನೋಡಿ, ಮೂರು ಫ್ಯಾನು ಹೊತ್ತ, ಮೊಳದುದ್ದದ ಒಂದು ಗ್ರಾಫಿಕ್ಸ್ ಕಾರ್ಡನ್ನು ಎತ್ತಿ ಮುಂದಿಟ್ಟ. "ಆಟ ಅಂದ್ರೆ ಇದು. ಹೋದ ವರ್ಷದ್ದು, ಅರ್ಧ ರೇಟಿಗೆ ಕೊಡ್ತೀನಿ. ಉಳಿದಿದ್ದೆಲ್ಲ ಹೇಗೋ ಹೊಂದಿಸಬಹುದು."

ಸೊಸೆಯ ಕಣ್ಣು ಅಗಲವಾಯಿತು. ಅತ್ತೆ ಕಾರ್ಡಿನ ಡಬ್ಬವನ್ನು ತಿರುಗಿಸಿ, ಕನ್ನಡಕ ಮೂಗಿಗೇರಿಸಿ, ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟಳು.

"ಮುನ್ನೂರ ಇಪ್ಪತ್ತು ಅಂತಿದೆಯಲ್ಲ, ಏನಪ್ಪಾ ಇದು?"

"ವ್ಯಾಟ್ ಅಮ್ಮ. ಕರೆಂಟ್ ತಿನ್ನೋದು."

"ತಿಂದಿದ್ದೆಲ್ಲ ಬಿಸಿ ಆಗುತ್ತೆ ತಾನೇ?"

"ಆಗುತ್ತೆ. ಅದಕ್ಕೇ ಮೂರು ಫ್ಯಾನು."

"ಐನೂರು ಮೊಟ್ಟೆ ಹಿಡಿಯೋ ನನ್ನ ಸಣ್ಣ ಮೆಷಿನ್ನಿನ ಹೀಟರೇ ಇನ್ನೂರೈವತ್ತು ವ್ಯಾಟು! ಅದು ಬೀರುವಿನಷ್ಟು ಎತ್ತರ ಇದೆ. ಈ ಹುಡುಗಿ ತೊಡೆ ಮೇಲಿನ ಪೆಟ್ಟಿಗೆಯೊಳಗೆ ಮುನ್ನೂರ ಇಪ್ಪತ್ತು ಇಟ್ಕೊಂಡು ಆಟ ಆಡ್ಬೇಕಾ? ಹಪ್ಪಳ ಆಗಿಹೋಗ್ತಾಳೆ."

ಅಂಗಡಿಯವನು ನಕ್ಕ. ಸೊಸೆ ನಗಲಿಲ್ಲ. ಆ ಮಾತು ಅವಳೊಳಗೆ ಇಳಿಯಿತು. ಬಹಳ ಹೊತ್ತು ಕಾರ್ಡನ್ನೇ ನೋಡಿ, ಕೈಗೆ ಬಂದದ್ದನ್ನು ಬಿಡುವವಳಂತೆ ಅದನ್ನು ನಿಧಾನಕ್ಕೆ ಹಿಂದಕ್ಕೆ ತಳ್ಳಿದಳು. "ಒಂದೇ ಫ್ಯಾನಿಂದು, ಗಿಡ್ಡದು ತೋರ್ಸಿ ಅಣ್ಣ. ನೂರ ಹದಿನೈದು ವ್ಯಾಟಿಂದು."

ಆಮೇಲೆ ಚೌಕಾಸಿ ಸಂಜೆಯವರೆಗೂ ನಡೆಯಿತು. ಸಣ್ಣ ಬೋರ್ಡಿಗೆ ದೊಡ್ಡದಕ್ಕಿಂತ ಬೆಲೆ ಹೆಚ್ಚೆಂದು ಕೇಳಿ ಅತ್ತೆ ಹೌಹಾರಿದಳು. "ಇದ್ಯಾವ ನ್ಯಾಯ? ಗಿಡ್ಡ ಲಂಗಕ್ಕೆ ಉದ್ದ ಲಂಗಕ್ಕಿಂತ ಹೆಚ್ಚು ಬೆಲೆಯಾ?" ಹಳೆಯ ಮೆಮರಿ ಪಟ್ಟಿಗಳನ್ನೇ ಬಳಸಬಹುದಾದ ಒಂದು ತಲೆಮಾರು ಹಿಂದಿನ ಬೋರ್ಡು, ಅದಕ್ಕೆ ಹೊಂದುವ ಪ್ರೊಸೆಸರ್ ಆರಿಸಿದಳು ಸೊಸೆ. ಹೊಸದಕ್ಕೆ ಹೋದರೆ ಮೆಮರಿಯನ್ನೂ ಹೊಸದಾಗಿ ಕೊಳ್ಳಬೇಕಿತ್ತು. ಪ್ರೊಸೆಸರ್ ಮೇಲೆ ಕೂರುವ ಚಪ್ಪಟೆ ಫ್ಯಾನು, ಇಟ್ಟಿಗೆಗಿಂತ ಚಿಕ್ಕ ಪವರ್ ಸಪ್ಲೈ, ಬಿಡಿ ಫ್ಯಾನು ಎರಡು. ಪವರ್ ಸಪ್ಲೈಯಲ್ಲಿ ಮಾತ್ರ ಅಗ್ಗದ್ದಕ್ಕೆ ಅವಳು ಬಗ್ಗಲಿಲ್ಲ. "ಅದು ಕೆಟ್ಟರೆ ಎಲ್ಲರನ್ನೂ ಕರ್ಕೊಂಡು ಹೋಗುತ್ತೆ ಅತ್ತೆ" ಎಂದಳು. ಕೊನೆಗೆ ಎಲ್ಲ ಸೇರಿ ಅರವತ್ತೊಂಬತ್ತು ಸಾವಿರ ಚಿಲ್ಲರೆ. ಎಲ್ಲವನ್ನೂ ಕೂರಿಸುವ ಕೇಸಿಗೆ ದುಡ್ಡೇ ಉಳಿಯಲಿಲ್ಲ.

"ಸಣ್ಣ ಕೇಸ್ ಹನ್ನೊಂದು ಸಾವಿರದಿಂದ ಶುರು" ಎಂದ ಅಂಗಡಿಯವನು. "ಕೇಸ್ ಇಲ್ದೆ ಇದನ್ನೆಲ್ಲ ಚೀಲದಲ್ಲಿ ತುಂಬ್ಕೊಂಡು ಹೋಗ್ತೀರಾ?"

"ಪೆಟ್ಟಿಗೆ ನನಗೆ ಬಿಡು" ಎಂದಳು ಅತ್ತೆ.

ಹ್ಯಾಚರಿಯ ಹಿಂದಿನ ಶೆಡ್ಡಿನಲ್ಲಿ ಕಳಚಿಹಾಕಿದ್ದ ಹಳೆಯ ಮೆಷಿನ್ನೊಂದರ ಬಾಗಿಲು ಬಿದ್ದಿತ್ತು. ಒಳ್ಳೆಯ ಅಲ್ಯೂಮಿನಿಯಂ ತಗಡು. ಮ್ಯಾನೇಜರನ್ನು ಕೇಳಿದಾಗ, "ಅಮ್ಮ, ಇಪ್ಪತ್ತಾರು ವರ್ಷದಲ್ಲಿ ನೀವು ಕೇಳಿದ್ದು ಇದೊಂದೇ. ಬಾಗಿಲೇನು, ಚೌಕಟ್ಟೂ ತಗೊಂಡು ಹೋಗಿ" ಎಂದ. ಕತ್ತರಿಸುವುದು, ಮಡಚುವುದು, ರಿವೆಟ್ ಹೊಡೆಯುವುದು ಅವಳಿಗೆ ಹೊಸದೇನಲ್ಲ; ಮೆಷಿನ್ನು ಕೆಟ್ಟಾಗಲೆಲ್ಲ ರಿಪೇರಿಯವನಿಗೆ ಕಾಯದೆ ಮಾಡಿಕೊಂಡವಳು. ಹಿತ್ತಲ ಕಟ್ಟೆಯ ಮೇಲೆ ಕೂತು ಒಂದು ವಾರ ದಿನವೂ ಎರಡು ಗಂಟೆ ಕೆಲಸ ಮಾಡಿದಳು. ಒಂದೂವರೆ ಗೇಣು ಉದ್ದ, ಒಂದು ಗೇಣು ಎತ್ತರ, ಎಂಟು ಬೆರಳು ದಪ್ಪದ ಪೆಟ್ಟಿಗೆ ಎದ್ದು ನಿಂತಿತು. ಸಂದುಗಳಿಗೆಲ್ಲ ರಬ್ಬರ್ ಪಟ್ಟಿ ಒತ್ತಿದಳು. ಒಂದು ಫ್ಯಾನನ್ನು ಒಳಗೆ ನಟ್ಟನಡುವೆ ಕೂರಿಸಿದಳು, ಗಾಳಿ ಮೂಲೆಮೂಲೆಗೂ ಸಮವಾಗಿ ಸುತ್ತಬೇಕಲ್ಲ. ಒಂದು ತುದಿಗೆ ಎರಡು ಬೆರಳಗಲದ ಕಿಂಡಿ, ಅದಕ್ಕೊಂದು ಜಾರುಬಾಗಿಲು.

ಸೊಸೆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. "ಅತ್ತೆ, ತೂತು ಕಡಿಮೆ ಆಯ್ತೇನೋ."

"ನಿನ್ನೆ ಮೊನ್ನೆ ಬಂದೋಳು ನನಗೆ ಗಾಳಿ ಪಾಠ ಹೇಳ್ತೀಯಾ?"

ಮಾತಿನಲ್ಲಿ ನಗುವೇ ಇತ್ತು. ಸೊಸೆ ಬೋರ್ಡು, ಕಾರ್ಡು ತಂದು ಒಳಗೆ ಕೂರಿಸತೊಡಗಿದಳು. ಇಪ್ಪತ್ತಾರು ವರ್ಷದ ಮುಂದೆ ಅವಳು ಇನ್ನೇನು ಹೇಳಿಯಾಳು?

ಗುರುವಾರ ಮಧ್ಯಾಹ್ನ ತಂಡದ ಅಭ್ಯಾಸ. ಹಳೆಯ ಟೀವಿಯನ್ನೇ ಪರದೆ ಮಾಡಿಕೊಂಡು ಸೊಸೆ ಕೂತಳು. ಅತ್ತೆ ಹಿಂದೆ ಕುರ್ಚಿ ಎಳೆದುಕೊಂಡಳು. ಮೊದಲ ಐದು ನಿಮಿಷ ಎಲ್ಲ ಬೆಣ್ಣೆಯಂತೆ ಸಾಗಿತು. ಎಂಟನೆಯ ನಿಮಿಷಕ್ಕೆ ಚಿತ್ರ ಕುಂಟತೊಡಗಿತು. ಹನ್ನೊಂದನೆಯ ನಿಮಿಷಕ್ಕೆ ಟಪ್ ಎಂದು ಪರದೆ ಕಪ್ಪಾಯಿತು. ಪೆಟ್ಟಿಗೆಯ ಮೇಲೆ ಕೈಯಿಟ್ಟ ಸೊಸೆ ಬೆಚ್ಚಿ ಹಿಂದೆಗೆದಳು.

ಫೋನಿನಲ್ಲಿ ನಾಯಕಿಯ ದನಿ ತಣ್ಣಗಿತ್ತು. "ಭಾನುವಾರ ಇನ್ನೊಂದು ಅವಕಾಶ. ಅವತ್ತು ಒಂದು ಗಂಟೆ ನಿಲ್ಲದೆ ಓಡಬೇಕು. ಇಲ್ಲಾಂದ್ರೆ ಬದಲಿ ಹುಡುಗಿ ರೆಡಿ ಇದಾಳೆ."

ಫೋನಿಟ್ಟ ಮೇಲೆ ಸೊಸೆ ಅತ್ತೆಯ ಕಡೆ ತಿರುಗಿದಳು. ಮದುವೆಯಾಗಿ ಎರಡು ವರ್ಷದಲ್ಲಿ ಒಮ್ಮೆಯೂ ಎತ್ತದ ದನಿ ಅವತ್ತು ಎತ್ತಿದಳು. "ಏನತ್ತೆ, ಇದನ್ನ ಮರಿ ಮಾಡೋಕೆ ಇಟ್ಟಿದೀರಾ? ಇಪ್ಪತ್ತೊಂದು ದಿನ ಆದ್ಮೇಲೆ ಪ್ರೊಸೆಸರ್ ಒಡ್ಕೊಂಡು ಕೋಳಿ ಬರುತ್ತಾ?"

ತಪ್ಪು ಎಲ್ಲಿ ಎಂದು ಅತ್ತೆಗೂ ಹೊಳೆಯಲಿಲ್ಲ. ಅವತ್ತು ಇಬ್ಬರೂ ಮುಖ ಊದಿಸಿಕೊಂಡೇ ಉಂಡರು. ಹಾಲಿನ ಟ್ಯಾಂಕರ್ ಓಡಿಸುವ ಮಗ ದಾರಿಯಿಂದ ಫೋನ್ ಮಾಡಿದಾಗ, ಇಬ್ಬರೂ ಒಂದೊಂದೇ ಪದದಲ್ಲಿ ಮಾತಾಡಿದ್ದನ್ನು ಕೇಳಿ, "ನಾನು ಇನ್ನೆರಡು ದಿನ ತಡವಾಗಿ ಬರ್ತೀನಿ ಬಿಡಿ" ಎಂದ.

ಮರುದಿನ ಬೆಳಗ್ಗೆ ಹ್ಯಾಚರಿಯಲ್ಲಿ ಎರಡನೆಯ ಕೋಣೆಯ ಮೊಟ್ಟೆಗಳಿಗೆ ಹದಿನೆಂಟನೆಯ ದಿನ. ಅತ್ತೆ ಎಂದಿನಂತೆ ಮೆಷಿನ್ನಿನ ಮುಂದೆ ನಿಂತು, ಎಂದಿನಂತೆ ಮೇಲಿನ ಗಾಳಿಕಿಂಡಿಯ ಹಿಡಿಕೆಯನ್ನು ಪೂರ್ತಿ ಎಳೆದಳು. ಬೆಚ್ಚನೆಯ ಗಾಳಿ ಭುಸ್ಸೆಂದು ಹೊರಬಂದು ಮುಖಕ್ಕೆ ಬಡಿಯಿತು. ಹಿಡಿಕೆಯ ಮೇಲಿದ್ದ ಕೈ ಅಲ್ಲೇ ನಿಂತಿತು.

ಮೊದಲ ಹತ್ತು ಹನ್ನೆರಡು ದಿನ ಮೊಟ್ಟೆಗೆ ನಾವು ಬಿಸಿ ಕೊಡಬೇಕು. ಅದು ಎಲ್ಲಿಯೂ ಸೋರಬಾರದು, ಎಲ್ಲಕ್ಕೂ ಸಮವಾಗಿ ಹಂಚಬೇಕು. ಆಮೇಲೆ ಒಳಗಿನ ಮರಿಗೆ ಜೀವ ಬಲಿತು, ಮೊಟ್ಟೆಯೇ ಬಿಸಿ ಕಾರತೊಡಗುತ್ತದೆ. ಆಗ ನಮ್ಮ ಕೆಲಸ ಅದನ್ನು ಹೊರಗೆ ಅಟ್ಟುವುದು. ಈ ಮಾತನ್ನು ಹೊಸದಾಗಿ ಸೇರಿದವರಿಗೆಲ್ಲ ಅವಳೇ ಬಾಯಿಪಾಠ ಮಾಡಿಸಿದ್ದಳು. ಸೊಸೆಯ ಕಾರ್ಡು ಆನ್ ಮಾಡಿದ ಗಳಿಗೆಯಿಂದಲೇ ಹದಿನೆಂಟನೆಯ ದಿನದ ಮೊಟ್ಟೆ. ತಾನು ಅದಕ್ಕೆ ಮೊದಲ ದಿನದ ಪೆಟ್ಟಿಗೆ ಕಟ್ಟಿ, ಸಂದಿಗೆಲ್ಲ ರಬ್ಬರ್ ಒತ್ತಿ, ಬಿಸಿಯನ್ನು ಜೋಪಾನವಾಗಿ ಒಳಗೇ ಸುತ್ತಿಸಿದ್ದಳು! ಅತ್ತೆಗೆ ಒಬ್ಬಳೇ ನಿಂತು ನಗು ಬಂತು.

ಪಾಳಿ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ತಪ್ಪು ನಂದು ಕಣೆ. ನೀನು ತೂತು ಕಡಿಮೆ ಅಂದಾಗಲೇ ಕೇಳ್ಬೇಕಿತ್ತು."

"ಕೋಳಿ ಮಾತು ನಾನೂ ಆಡ್ಬಾರದಿತ್ತು" ಎಂದಳು ಸೊಸೆ.

"ಅದು ಚೆನ್ನಾಗಿತ್ತು ಬಿಡು. ಹ್ಯಾಚರೀಲಿ ಹೇಳ್ದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಡ್ರಿಲ್ಲಿಂಗ್ ಮೆಷಿನ್ ತಾ."

ಶುಕ್ರವಾರ ಸಂಜೆ, ಶನಿವಾರ ಇಡೀ ದಿನ. ಪೆಟ್ಟಿಗೆಯ ಎರಡೂ ಪಕ್ಕಗಳಲ್ಲಿ, ಕಾರ್ಡಿನ ಫ್ಯಾನು ಮತ್ತು ಪ್ರೊಸೆಸರಿನ ಫ್ಯಾನು ಎದುರಾಗುವ ಕಡೆ, ಸಾಲುಸಾಲಾಗಿ ತೂತು ಕೊರೆದರು. ಹೊರಗಿನ ತಣ್ಣನೆ ಗಾಳಿಯನ್ನು ಅವು ನೇರವಾಗಿ ಎಳೆದುಕೊಳ್ಳಬೇಕು. ನಡುವಿನ ಫ್ಯಾನು ಕಿತ್ತು ಮೇಲ್ಗಡೆಗೆ ಹೋಯಿತು, ಪಕ್ಕದಲ್ಲಿ ಇನ್ನೊಂದು. ಎರಡೂ ಬಿಸಿಯನ್ನು ಹೊರಗೆ ಎಸೆಯುವಂತೆ. ಕಾರ್ಡಿಗೂ ಪ್ರೊಸೆಸರಿಗೂ ನಡುವೆ ತಗಡಿನ ಗೋಡೆ ಇಡುವ ಯೋಚನೆ ಸೊಸೆಯದು. "ಇವರ ಉಸಿರು ಅವರಿಗೆ ಬೇಡ. ಬೇರೆ ಬೇರೆ ಸಂಸಾರ" ಎಂದಳು. ಕಾರ್ಡು ತಿನ್ನುವ ಕರೆಂಟನ್ನೂ ಸೆಟ್ಟಿಂಗಿನಲ್ಲಿ ಒಂದು ಹಿಡಿ ಇಳಿಸಿದಳು. ಆಟದ ಓಟ ಅಷ್ಟಕ್ಕೆಲ್ಲ ತಗ್ಗಲಿಲ್ಲ.

ಕೊನೆಗೆ ಮೆಷಿನ್ನು ಓಡಿಸಿ, ಅತ್ತೆ ತೋಳಿನಿಂದ ಒಂದು ಎಳೆ ತುಪ್ಪಳ ತೆಗೆದು ಪಕ್ಕದ ತೂತುಗಳ ಮುಂದೆ ಹಿಡಿದಳು. ಅದು ಸರ್ರನೆ ಹೋಗಿ ತಗಡಿಗೆ ಅಂಟಿಕೊಂಡಿತು. ಇನ್ನೊಂದನ್ನು ಮೇಲೆ ಹಿಡಿದಳು. ಅದು ಅಟ್ಟದವರೆಗೆ ಹಾರಿಹೋಯಿತು.

"ಉಸಿರಾಡ್ತಿದೆ" ಎಂದಳು ಅತ್ತೆ.

ಭಾನುವಾರ ಒಂದು ಗಂಟೆಯಲ್ಲ, ಎರಡೂವರೆ ಗಂಟೆ ಓಡಿತು. ಮೊದಲ ಸಲ ತೊಂಬತ್ತೇಳು ಡಿಗ್ರಿಗೆ ಏರಿ ಪ್ರಾಣ ಬಿಟ್ಟದ್ದು, ಈಗ ಎಪ್ಪತ್ತರ ಮೇಲೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ನಾಯಕಿ ಫೋನಿನಲ್ಲಿ, "ಯಾವ ಕೇಸ್ ತಗೊಂಡೆ?" ಎಂದು ಕೇಳಿದಳು. ಸೊಸೆ, "ಬಂದಾಗ ತೋರಿಸ್ತೀನಿ" ಎಂದಷ್ಟೇ ಹೇಳಿದಳು.

ಫೈನಲ್ಲಿನ ದಿನ ಬೆಳಗಿನ ಬಸ್ಸಿನಲ್ಲಿ ಪೆಟ್ಟಿಗೆ ಸೊಸೆಯ ತೊಡೆಯ ಮೇಲೆ ಮಗುವಿನಷ್ಟೇ ಜಾಗ ಹಿಡಿದು ಕೂತಿತ್ತು. ಎಲ್ಲ ಸೇರಿ ನಾಲ್ಕೇ ಕಿಲೋ. ಕಂಡಕ್ಟರು ಅದರ ತೂತುಗಳನ್ನು ಅನುಮಾನದಿಂದ ನೋಡಿ, "ಒಳಗೆ ಏನಮ್ಮ, ಜೀವ ಇರೋದಾ?" ಎಂದು ಕೇಳಿದ. "ಆನ್ ಮಾಡಿದ್ರೆ ಇರುತ್ತೆ" ಎಂದಳು ಅತ್ತೆ. ಅದೇ ಗುಂಡಿ ಬಂತು, ಬಸ್ಸು ಅದೇ ಥರ ಧಡಾರೆಂದಿತು. ಗಿಡ್ಡ ಕಾರ್ಡು ಕಮಕ್ ಕಿಮಕ್ ಅನ್ನಲಿಲ್ಲ.

ಪಂದ್ಯ ನಡೆದದ್ದು ತಗಡಿನ ಮಾಡಿನ ದೊಡ್ಡ ಸಭಾಂಗಣದಲ್ಲಿ. ಮಧ್ಯಾಹ್ನದ ಹೊತ್ತಿಗೆ ಒಳಗೆಲ್ಲ ಧಗಧಗ. ಬಣ್ಣದ ದೀಪಗಳ ಗಾಜಿನ ಪೆಟ್ಟಿಗೆ ತಂದವರು ಪಕ್ಕದ ಗಾಜನ್ನೇ ಕಳಚಿಟ್ಟು ರಟ್ಟಿನಿಂದ ಗಾಳಿ ಬೀಸುತ್ತಿದ್ದರು. ಅತ್ತೆ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಒಂದು ತಂಡ ಕೋಟೆ ಕಾಯಬೇಕು, ಇನ್ನೊಂದು ನುಗ್ಗಬೇಕು. ಹನ್ನೊಂದು ಸುತ್ತು ಮೊದಲು ಗೆದ್ದವರಿಗೆ ಬಹುಮಾನದ ಕಪ್ಪು. ಇಷ್ಟು ಅವಳಿಗೂ ಈಗ ಗೊತ್ತಿತ್ತು. ದೊಡ್ಡ ಪರದೆಯಲ್ಲಿ, ತಲೆಯ ಮೇಲೊಂದು ಹಸಿರು ಬಾಣದ ಗುರುತಿದ್ದವಳೇ ಸೊಸೆ.

ಹತ್ತು–ಹತ್ತು. ಕೊನೆಯ ಸುತ್ತಿನಲ್ಲಿ ಕೋಟೆ ಕಾಯುವ ಸರದಿ ಇವರದು. ಒಬ್ಬೊಬ್ಬರಾಗಿ ನಾಲ್ವರೂ ಉರುಳಿದರು. ಉಳಿದದ್ದು ಹಸಿರು ಬಾಣ ಒಂದೇ. ಎದುರಿಗೆ ಇಬ್ಬರು, ಕಾಯಬೇಕಾದದ್ದು ಇನ್ನು ನಲವತ್ತು ಸೆಕೆಂಡು. ಸೊಸೆ ಓಡಲಿಲ್ಲ. ಮೆಟ್ಟಿಲ ಕೆಳಗೆ ಉಸಿರು ಬಿಗಿಹಿಡಿದು ನಿಂತಳು. ಮೊದಲನೆಯವನು ಮೆಟ್ಟಿಲು ದಾಟಿದ, ಬಿಟ್ಟಳು. ಎರಡನೆಯವನು ಬಂದ, ಬೆನ್ನಿಗೆ ಹೊಡೆದು ಉರುಳಿಸಿದಳು. ಸದ್ದು ಕೇಳಿ ಮೊದಲಿನವನು ತಿರುಗುವಷ್ಟರಲ್ಲಿ ಅವಳು ಆ ಜಾಗದಲ್ಲಿರಲಿಲ್ಲ. ಹೊಗೆ, ಬೆಂಕಿ, ಉದುರುವ ಗೋಡೆ, ಮೆಷಿನ್ನಿಗೆ ಅತಿ ಭಾರದ ಗಳಿಗೆ ಅದೇ. ಅತ್ತೆ ಪರದೆಯನ್ನು ಬಿಟ್ಟು, ದೂರದ ಮೇಜಿನ ಮೇಲಿದ್ದ ತಗಡಿನ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಚಿತ್ರ ಒಂದು ಕೂದಲೆಳೆಯಷ್ಟೂ ಕುಂಟಲಿಲ್ಲ. ಕಿಟಕಿಯಿಂದ ಧುಮುಕಿದ ಹಸಿರು ಬಾಣ ಎರಡೇ ಗುಂಡಿನಲ್ಲಿ ಕೆಲಸ ಮುಗಿಸಿತು.

ಸಭಾಂಗಣವೇ ಹೋ ಎಂದು ಎದ್ದಿತು. ಅತ್ತೆಯೂ ಎದ್ದಳು. ಮರಿಗಳು ಬೆದರುತ್ತವೆಂದು ಕಾಲು ಶತಮಾನ ಪಿಸುಮಾತಿನಲ್ಲೇ ದುಡಿದವಳು, "ನನ್ನ ಸೊಸೆ! ಹಸಿರು ಬಾಣ ನನ್ನ ಸೊಸೆ!" ಎಂದು ಕೂಗಿದ್ದು ಮೈಕಿಗೂ ಕೇಳಿಸಿತು.

ಕಪ್ಪು ಕೊಡುವುದು, ಫೋಟೊ ತೆಗೆಯುವುದು ಎಲ್ಲ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಕಪ್ಪನ್ನು ಕಂಕುಳಲ್ಲಿ ಅವುಚಿಕೊಂಡು ಸೊಸೆ ತನ್ನ ಮೇಜಿಗೆ ಹಿಂದಿರುಗಿದರೆ ಅಲ್ಲಿ ಮೇಜೇ ಕಾಣುತ್ತಿಲ್ಲ, ಅಷ್ಟು ಜನ. ನಡುವೆ ಅತ್ತೆ. ಪೆಟ್ಟಿಗೆಯ ಮುಚ್ಚಳ ಬಿಚ್ಚಿಟ್ಟು, ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು, ಗಾಜಿನ ಪೆಟ್ಟಿಗೆಯವರನ್ನೂ ಸೋತ ತಂಡದವರನ್ನೂ ಸುತ್ತ ನಿಲ್ಲಿಸಿಕೊಂಡು, ಮೊದಲ ದಿನದ ಮೊಟ್ಟೆಯಿಂದ ಹಿಡಿದು ಪಾಠ ಹೇಳುತ್ತಿದ್ದಾಳೆ. ನಾಯಕಿಯೂ ಮುಂದಿನ ಸಾಲಿನಲ್ಲಿ ಬಗ್ಗಿ ನೋಡುತ್ತಿದ್ದಾಳೆ.

"ಅತ್ತೆ, ಬಸ್ಸಿಗೆ ಹೊತ್ತಾಯ್ತು!"

"ಇರೇ," ಎಂದಳು ಅತ್ತೆ, ತಲೆ ಎತ್ತದೆ. "ಇನ್ನೂ ಹನ್ನೆರಡನೇ ದಿನಕ್ಕೆ ಬಂದಿದೀನಿ."