ಎರಡನೆಯ ಪಟ್ಟಿಯ ಹೆಸರು

ಸೊಸೆ ದಾಸೊಲ್‌ಳ ಆಸ್ಪತ್ರೆಯ ಮಂಚದ ಕೆಳಗಿಂದ ಎಳೆದುಕೊಳ್ಳುವ ತಗ್ಗು ಹಾಸಿಗೆ ನನ್ನ ಮನೆಯಾಗಿ ಒಂಬತ್ತು ದಿನವಾಗಿತ್ತು. ಕಿಟಕಿಯ ಅಂಚಿನಲ್ಲಿ ಕಿಮ್ಚಿ ಡಬ್ಬಿ, ಮಡಿಸಿದ ಟವೆಲ್‌ಗಳು, ಮಲಗಿದ್ದಲ್ಲೇ ನೀರು ಕುಡಿಯಲು ಬಾಗುವ ಕೊಳವೆ. ಅವಳಿ ಮಕ್ಕಳ ಬಸುರಿ ಅವಳು, ಎಡಮಗ್ಗುಲಿಗೆ ಮಲಗಿರಬೇಕು, ಬಚ್ಚಲಿಗೆ ಹೋಗಲು ಮಾತ್ರ ಏಳಬೇಕು. ಹೀಗೇ ಏಳೆಂಟು ವಾರ ಆಗಬಹುದು ಎಂದಿದ್ದರು. ಜೊತೆಗೆ ಒಬ್ಬರೇ ಇರಬೇಕೆಂಬುದು ಆಸ್ಪತ್ರೆಯ ನಿಯಮ. ಮಗ ಚಿಹುನ್ ಹಡಗುಕಟ್ಟೆಯ ಕೆಲಸದಿಂದ ಬುಸಾನಿಗೆ ಬರುತ್ತಿದ್ದುದು ವಾರಕ್ಕೊಮ್ಮೆ. ಹಾಗಾಗಿ ಆ ಒಬ್ಬಳು ನಾನಾದೆ.

ಬೆಳಗ್ಗೆ ಏಳಕ್ಕೆ ನರ್ಸ್ ಪ್ಯೊ ಬಂದು ಅವಳ ಹೊಟ್ಟೆಗೆ ಎದೆಬಡಿತ ಕೇಳಿಸುವ ಎರಡು ಪಟ್ಟಿ ಕಟ್ಟುತ್ತಿದ್ದಳು. ಒಂದೊಂದು ಮಗುವಿಗೆ ಒಂದೊಂದು. ಮೊದಲನೆಯ ಪಟ್ಟಿಗೆ ಅಂಟಿಸಿದ ಚೀಟಿಯಲ್ಲಿ ‘ಕೋಂಗಿ’ ಎಂದಿತ್ತು. ಕೋಂಗಿ ಅಂದರೆ ಕಾಳು. ಹೊಟ್ಟೆಯೊಳಗಿನ ಮಗುವನ್ನು ಒಂದು ಹೆಸರಿಟ್ಟು ಕರೆಯುವುದು ಈಗ ಎಲ್ಲ ಮನೆಗಳಲ್ಲೂ ಇದ್ದದ್ದೇ. ಎರಡನೆಯ ಚೀಟಿ ಮಾತ್ರ ಖಾಲಿ. ಆ ಮಗು ಬೆಳೆಯುತ್ತಿರಲಿಲ್ಲ.

ಕೋಂಗಿಯ ಎದೆಬಡಿತ ಪಟ್ಟಿ ಕಟ್ಟಿದ ಕೂಡಲೇ ಕೇಳುತ್ತಿತ್ತು, ಓಡುವ ಕುದುರೆಯಂತೆ. ಎರಡನೆಯದನ್ನು ನರ್ಸ್ ಅಲ್ಲಿ ಒತ್ತಿ, ಇಲ್ಲಿ ಸರಿಸಿ ಹುಡುಕಬೇಕು. ಅದು ಸಿಗುವವರೆಗೆ ನಮ್ಮ ಮೂವರ ಉಸಿರೂ ನಿಂತಿರುತ್ತಿತ್ತು.

ಶುಕ್ರವಾರ ಡಾಕ್ಟರು ಮಂಚದ ಬಳಿ ಕೂತು ಹೇಳಿದರು. ಚಿಕ್ಕದರ ಮಾಸಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ. ಇಪ್ಪತ್ತೆಂಟು ವಾರ ತುಂಬುವ ಮೊದಲೇ ಅದರ ಬಡಿತ ಕುಸಿದರೆ ಎರಡು ದಾರಿ. ಕೂಡಲೇ ಆಪರೇಷನ್ ಮಾಡಿದರೆ ಗಟ್ಟಿಯಾಗಿರುವ ಕೋಂಗಿಯೂ ಹೊತ್ತಿಗೆ ಮುಂಚೆ ಹೊರಗೆ ಬರಬೇಕು, ಅದಕ್ಕೂ ಅಪಾಯ. ಮಾಡದಿದ್ದರೆ ಕೋಂಗಿ ಒಳಗೇ ಬೆಳೆಯುತ್ತದೆ, ಚಿಕ್ಕದು ಹೋಗುತ್ತದೆ.

“ಸೋಮವಾರ ತಿಳಿಸಿ,” ಎಂದು ಎದ್ದುಹೋದರು.

ದಾಸೊಲ್ ಗೋಡೆಯ ಕಡೆ ಮುಖ ಮಾಡಿದಳು. ನಾನು ಬಾಯಿ ಬಿಡಲಿಲ್ಲ. ಅತ್ತೆ ಆಡುವ ಒಂದು ಮಾತು ತಕ್ಕಡಿಗೆ ಬಿದ್ದರೆ ಎಷ್ಟು ತೂಗುತ್ತದೆಂದು ಸೊಸೆಯಾಗಿದ್ದವಳಿಗೆ ಗೊತ್ತಿರುತ್ತದೆ.

ಶನಿವಾರ, ಜೊತೆಗಿರುವವರಿಗೆ ಕೊಡುವ ನನ್ನ ಪಾಸ್ ಹೊಸದು ಮಾಡಿಸಬೇಕಿತ್ತು. ನರ್ಸ್ ಫಾರಂ ಹಿಡಿದು ಬಂದಳು.

“ಅಜ್ಜಿ, ಹುಟ್ಟಿದ ವರ್ಷ ಹೇಳಿ.”

“ಯಾವುದು ಬೇಕಮ್ಮ? ನಿಜದ್ದಾ, ಸರ್ಕಾರದ್ದಾ?”

“ಎರಡಿದ್ಯಾ?”

“ಸರ್ಕಾರದ ಲೆಕ್ಕದಲ್ಲಿ ನಾನು ಎರಡು ವರ್ಷ ಚಿಕ್ಕೋಳು.”

“ಅಯ್ಯೋ, ಅದೇ ಹೇಳಿ. ಆ ಗುಟ್ಟು ನಮಗೂ ಹೇಳಿಕೊಡಿ,” ಎಂದು ನಕ್ಕು ಹೋದಳು.

ದಾಸೊಲ್ ನನ್ನ ಕಡೆ ಹೊರಳಿದಳು. “ಅದ್ಯಾಕೆ ಎರಡು ವರ್ಷ, ಅತ್ತೆ?”

“ನಾನು ಬೆಕ್ಕಿನ ಮರಿಯಷ್ಟಿದ್ನಂತೆ. ಉಳಿಯುತ್ತೋ ಇಲ್ವೋ ನೋಡಿ ಬರೆಸೋಣ ಅಂತ ನಮ್ಮಪ್ಪ ಕಾದ.”

“ಹೆಸರೂ ಇಡ್ಲಿಲ್ವಾ?”

“ಅಪ್ಪ ಇಡ್ಲಿಲ್ಲ. ಅಮ್ಮ ಗೆಟ್ಟೊಂಗ್ ಅಂತಿದ್ಲು.”

ಗೆಟ್ಟೊಂಗ್ ಅಂದರೆ ನಾಯಿಹೇಲು. ಕೆಟ್ಟ ಹೆಸರಿದ್ದರೆ ಸಾವು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತದೆಂದು ನಮ್ಮ ಹಳೆಯ ಹೆಂಗಸರ ನಂಬಿಕೆ. ದಾಸೊಲ್ ಆ ಒಂಬತ್ತು ದಿನಗಳಲ್ಲಿ ಮೊದಲ ಸಲ ನಕ್ಕಳು.

“ಸಾಕು ಕಣೆ, ಹೊಟ್ಟೆ ಬಿಗಿಯುತ್ತೆ,” ಎಂದೆ.

ನಗು ನಿಂತ ಮೇಲೆ ಕೇಳಿದಳು, “ಅಪ್ಪ ಹಾಗೆ ಕಾದ್ರು ಅಂತ ಬೇಜಾರಾಗ್ಲಿಲ್ವಾ ನಿಮಗೆ?”

“ಎರಡು ವರ್ಷದ್ದಕ್ಕೆ ಏನು ಗೊತ್ತಾಗುತ್ತೆ. ಅಮ್ಮ ಕರೀತಿದ್ಲು, ನಾನು ತಿರುಗಿ ನೋಡ್ತಿದ್ದೆ, ಅಷ್ಟೆ.”

ಭಾನುವಾರ ಚಿಹುನ್ ಬಂದ. ಅವರಿಬ್ಬರೇ ಇರಲಿ ಎಂದು ನಾನು ಮೆಟ್ಟಿಲ ಬಳಿ ಹೋಗಿ ಕೂತೆ. ಹಿಂತಿರುಗಿದಾಗ ಅವನ ಕಣ್ಣು ಕೆಂಪಾಗಿತ್ತು. ಏನು ತೀರ್ಮಾನವಾಯಿತೆಂದು ನಾನು ಕೇಳಲಿಲ್ಲ.

ಸೋಮವಾರ ನರ್ಸ್ ಪಟ್ಟಿ ಕಟ್ಟುತ್ತಿದ್ದಾಗಲೇ ಡಾಕ್ಟರೂ ಬಂದರು.

“ಮೊದಲು ಆ ಚೀಟಿ ಮೇಲೆ ಹೆಸರು ಬರೀರಿ,” ಎಂದಳು ದಾಸೊಲ್. “ಗೆಟ್ಟೊಂಗ್.”

ನರ್ಸ್‌ಗೆ ನಗು ತಡೆಯಲಾಗಲಿಲ್ಲ. “ಏನಂದ್ರಿ?”

“ನಮ್ಮತ್ತೆಯ ಹೆಸರು. ಅವರೇ ಬರೀಲಿ.” ಆಮೇಲೆ ಡಾಕ್ಟರ ಕಡೆ ನೋಡಿ, “ಅದರ ಬಡಿತ ಇಳಿದ್ರೆ ಆಪರೇಷನ್ ಮಾಡಿ. ಇಬ್ರನ್ನೂ ತೆಗೀರಿ,” ಎಂದಳು.

ಪೆನ್ನು ನನ್ನ ಕೈಗೆ ಬಂತು. ಆ ಹೆಸರನ್ನು ಇಷ್ಟು ವರ್ಷಗಳಲ್ಲಿ ಯಾರೂ ಎಲ್ಲಿಯೂ ಬರೆದಿರಲಿಲ್ಲ. ಅಕ್ಷರಗಳು ಸೊಟ್ಟಗಾದವು. ಪಾಸಿನ ಫಾರಂ ಬಂದಾಗ ಸರ್ಕಾರದ ವರ್ಷವನ್ನೇ ಹೇಳಿ ಸುಮ್ಮನಿರಬಹುದಿತ್ತಲ್ಲ. ನನ್ನ ಬಾಯಿಂದ ಜಾರಿದ ಕತೆಯೊಂದು ಕೋಂಗಿಯ ತಲೆಯ ಮೇಲೆ ಹೋಗಿ ಕೂತಿತ್ತು.

ನರ್ಸ್ ಎರಡನೆಯ ಬಡಿತ ಹುಡುಕತೊಡಗಿದಳು. ಬಲಕ್ಕೆ ಸರಿಸಿದಳು, ಕೆಳಗೆ ಒತ್ತಿದಳು. ಬರೀ ಗೊರಗೊರ ಸದ್ದು.

“ಗೆಟ್ಟೊಂಗ್,” ಎಂದು ದಾಸೊಲ್ ಮೆಲ್ಲಗೆ ಕರೆದಳು. ನಾನು ತಿರುಗಿ ನೋಡಿದೆ. ಕರೆದದ್ದು ನನ್ನನ್ನಲ್ಲ.

ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಹೊಕ್ಕುಳ ಎಡಗಡೆ, ತೀರ ಆಳದಿಂದ, ಸಣ್ಣಗೆ ಬಂತು ಸದ್ದು. ದಾಸೊಲ್ ಕಣ್ಣು ಮುಚ್ಚಿದಳು. ನಾನು ಮಂಚದ ಈಚೆಗೆ ಬಂದು ಮೊದಲನೆಯ ಪಟ್ಟಿಯ ಹತ್ತಿರ ಬಗ್ಗಿ ಕಿವಿಗೊಟ್ಟೆ. ಕೋಂಗಿ ಎಂದಿನಂತೆ ಓಡುತ್ತಿತ್ತು. ಅದರ ಓಟವನ್ನು ನಾನು ಹೆದರಿಕೊಂಡು ಕೇಳಿದ್ದು ಅದೇ ಮೊದಲು.