ಶ್ರೀರಂಜಿನಿಯ ಎತ್ತರ

ಆನ್ಸಿಲ್ಲಾ ಟೀಚರ್ ಚಿತ್ರಕಲೆಯ ಅಧ್ಯಾಪಿಕೆಯಾಗಿ ನಿವೃತ್ತರಾಗಿ ಎರಡು ವರ್ಷವಾಗಿತ್ತು. ದೇಲಂಪಾಡಿ ಕಡೆಯ ಒಂದು ಶಾಲೆಯ ಹೆಡ್ಮಾಸ್ಟರ್ ಹರಿನಾರಾಯಣ ಫೋನು ಮಾಡಿ, ಚರಿತ್ರೆಯ ಕ್ಲಾಸಿನ ಹೊರಗೋಡೆಗೆ ಹಳೆಯ ಈಜಿಪ್ಟಿನ ಚಿತ್ರ ಬಿಡಿಸಿಕೊಡುತ್ತೀರಾ ಎಂದು ಕೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಜನವರಿಯ ಮೊದಲ ವಾರದಿಂದ ದಿನಾ ಬೆಳಿಗ್ಗೆ ಕುಂಬಳೆಯಿಂದ ಬಸ್ಸು ಹತ್ತಿ, ಮತ್ತೊಂದು ಬಸ್ಸು ಬದಲಿಸಿ ಬಂದು, ಮೂರು ಗಂಟೆಯವರೆಗೆ ಗೋಡೆಯ ಮುಂದೆ ನಿಲ್ಲುತ್ತಿದ್ದರು.

ಅವರ ಕೆಲಸವನ್ನು ದಿನವೂ ನೋಡುತ್ತಿದ್ದವಳು ಸೌದಾಮಿನಿ. ಮಕ್ಕಳ ಮಧ್ಯಾಹ್ನದ ಊಟ ಬೇಯಿಸುವವಳು. ಪಾತ್ರೆಗಳನ್ನೆಲ್ಲ ತೊಳೆದು ಕವುಚಿಟ್ಟು, ಸೆರಗಿಗೆ ಕೈ ಒರೆಸುತ್ತ ಜಗಲಿಯ ಕಂಬದ ಹತ್ತಿರ ಬಂದು ನಿಲ್ಲುವಳು. ಮೊದಲ ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಕೇಳಿದಳು:

"ಟೀಚರೇ, ಇವರೆಲ್ಲ ಯಾಕೆ ಒಂದೇ ಬದಿಗೆ ನೋಡುದು?"

"ಅವರ ಚಿತ್ರದ ಕ್ರಮವೇ ಹಾಗೆ. ಮುಖ ಬದಿಯಿಂದ, ಕಣ್ಣು ಎದುರಿನಿಂದ, ಭುಜ ಎದುರಿನಿಂದ, ಕಾಲು ಪುನಃ ಬದಿಯಿಂದ. ಯಾವುದು ಎಲ್ಲಿಂದ ಸರಿಯಾಗಿ ಕಾಣ್ತದೋ ಅಲ್ಲಿಂದಲೇ ಬರೀತಿದ್ರು."

"ನಮ್ಮ ರಂಜಿನಿಯೂ ಹೀಗೆಯೇ ನೋಡ್ತಿದ್ದದ್ದು. ಯಾವಾಗಲೂ ಎಡಕ್ಕೆ. ಕುತ್ತಿಗೆ ತಿರುಗ್ತಿರಲಿಲ್ಲ."

ಶ್ರೀರಂಜಿನಿ ಸೌದಾಮಿನಿಯ ಒಬ್ಬಳೇ ಮಗಳು. ಗುಡ್ಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರು ಹಾರಿಸಿ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದವಳು. ಕೈಕಾಲು ಹುಟ್ಟಿನಿಂದಲೇ ಮಡಚಿಕೊಂಡಿದ್ದವು. ಮಾತು ಬರಲಿಲ್ಲ. ಇಪ್ಪತ್ಮೂರು ವರ್ಷ ಚಾಪೆಯ ಮೇಲೆ, ಅಪ್ಪನ ಹೆಗಲ ಮೇಲೆ ಬದುಕಿ, ಹಿಂದಿನ ವರ್ಷ ಜ್ವರ ಬಂದು ಹೋದಳು. ಇದನ್ನೆಲ್ಲ ಸೌದಾಮಿನಿ ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿ ಮುಗಿಸಿದಳು. ಆನ್ಸಿಲ್ಲಾ ಟೀಚರ್ ಕುಂಚವನ್ನು ನೀರಿನಲ್ಲಿ ಅಲ್ಲಾಡಿಸುತ್ತ ನಿಂತರು.

ಮರುದಿನ ಅವಳೇ ಮತ್ತೆ ಮಾತು ತೆಗೆದಳು. "ಇದರಲ್ಲಿ ಮುದುಕರು ಇಲ್ಲವಾ? ಕಾಯಿಲೆಯವರು?"

"ಇಂಥ ಚಿತ್ರ ಗೋರಿಯ ಒಳಗೆ ಬರೀತಿದ್ದದ್ದು," ಎಂದರು ಟೀಚರ್. "ಸತ್ತವರು ಇನ್ನೊಂದು ಲೋಕದಲ್ಲಿ ಈ ಚಿತ್ರದಲ್ಲಿ ಇದ್ದ ಹಾಗೆ ಇರ್ತಾರೆ ಅಂತ ಅವರ ನಂಬಿಕೆ. ಹಾಗಾಗಿ ಮುದುಕರಾಗಿ ಸತ್ತವರನ್ನೂ ಪ್ರಾಯದವರ ಹಾಗೆ ಬರೀತಿದ್ರು, ಹೆಚ್ಚಾಗಿ ಎಲ್ಲ ಅಂಗ ನೆಟ್ಟಗೆ ಇರುವ ಹಾಗೆ. ಕೆಳಗೆ ಹೆಸರು ಬರೀತಿದ್ರು. ಹೆಸರು ಇಲ್ಲದಿದ್ರೆ ಆ ಚಿತ್ರ ಯಾರದ್ದೂ ಅಲ್ಲ."

ಸೌದಾಮಿನಿ ಬಹಳ ಹೊತ್ತು ಗೋಡೆಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ನನಗೊಂದು ಬರ್ದು ಕೊಡ್ತೀರಾ? ರಂಜಿನಿ ನಿಂತುಕೊಂಡಿರುವ ಹಾಗೆ. ಅವಳು ಎಷ್ಟಿದ್ದಳೋ ಅಷ್ಟೇ ದೊಡ್ಡದು," ಎಂದಳು.

ಮಗಳ ಫೋಟೋಗಳನ್ನು ಅವಳು ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲವೊಂದರಲ್ಲಿ ತಂದಳು. ಹೆಚ್ಚಿನವು ಪತ್ರಿಕೆಗಳಲ್ಲಿ ಬಂದವು. ಕೀಟನಾಶಕದ ವಿರುದ್ಧದ ಹೋರಾಟದ ಫ್ಲೆಕ್ಸಿನಿಂದ ಕತ್ತರಿಸಿದ್ದೂ ಒಂದಿತ್ತು. ಎಲ್ಲದರಲ್ಲೂ ಅದೇ ಚಾಪೆ, ಅದೇ ಮಡಚಿದ ಕಾಲುಗಳು. ಕ್ಯಾಮೆರಾದವರು ಬಂದಾಗಲೆಲ್ಲ ತಾನೇ ಮಗಳ ಹೊದಿಕೆ ಸರಿಸಿ ಕಾಲು ತೋರಿಸುತ್ತಿದ್ದೆ ಎಂದು ಸೌದಾಮಿನಿ ಹೇಳಿದಳು. ತೋರಿಸದಿದ್ದರೆ ಯಾರೂ ನಂಬುತ್ತಿರಲಿಲ್ಲ. "ಅವಳಿಗೆ ನಾಚಿಕೆ ಆಗ್ತಿತ್ತು ಟೀಚರೇ. ಕಣ್ಣು ಮುಚ್ಚಿಕೊಳ್ತಿದ್ದಳು. ಅದು ಯಾವ ಫೋಟೋದಲ್ಲಿಯೂ ಗೊತ್ತಾಗುದಿಲ್ಲ, ನಿದ್ದೆ ಅಂತ ಕಾಣ್ತದೆ."

ಟೀಚರ್ ಒಪ್ಪಿಕೊಂಡರು. ಒಳ್ಳೆಯ ಕೆಲಸವೆಂದು ಅನಿಸಿದ್ದು ನಿಜ. ಮಕ್ಕಳ ರೆಕಾರ್ಡು ಪುಸ್ತಕದ ಚಿತ್ರ ತಿದ್ದುವುದರಲ್ಲೇ ಆಯುಷ್ಯ ಕಳೆದ ತನಗೆ ಕೊನೆಗೂ ಒಂದು ನಿಜವಾದ ಚಿತ್ರ ಸಿಕ್ಕಿತೆಂಬ ಆಸೆಯೂ ಅದರೊಳಗೆ ಸೇರಿಕೊಂಡಿತ್ತು. ಮಗಳ ಅಪ್ಪನನ್ನು ಒಂದು ಮಾತು ಕೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಸ್ಟೇಜಿನ ಹಿಂದಿನ ಕೋಣೆಯಲ್ಲಿ ಐದಡಿ ಎತ್ತರದ ಪ್ಲೈವುಡ್ ಹಲಗೆ ನಿಲ್ಲಿಸಿದರು. ದಾರವನ್ನು ಕೆಂಪು ಬಣ್ಣದಲ್ಲಿ ಅದ್ದಿ, ಬಿಗಿಯಾಗಿ ಹಿಡಿದು ಮೀಟಿ, ಹಲಗೆಯ ತುಂಬ ಚೌಕಗಳನ್ನು ಎಳೆಯಬೇಕಿತ್ತು. ಅಂಗಾಲಿನಿಂದ ಹಣೆಯ ಮೇಲಿನ ಕೂದಲಂಚಿನವರೆಗೆ ಹದಿನೆಂಟು ಚೌಕ, ಇದು ಆ ಕಾಲದವರ ಲೆಕ್ಕ. ಆದರೆ ಒಂದು ಚೌಕ ಎಷ್ಟು ದೊಡ್ಡದಿರಬೇಕು? ಎಂದೂ ನಿಲ್ಲದ ಹುಡುಗಿಯ ಎತ್ತರವನ್ನು ಯಾರು ಬಲ್ಲರು?

"ನನಗೆ ಗೊತ್ತುಂಟು," ಎಂದಳು ಸೌದಾಮಿನಿ. "ಅವಳ ನೈಟಿ ಎಲ್ಲ ನಾನೇ ಹೊಲಿಯುದಲ್ವಾ. ಅಂಗಡಿಯದ್ದು ಹಾಕ್ಲಿಕ್ಕೆ ಆಗ್ತಿರಲಿಲ್ಲ."

ಅವಳು ನೆನಪಿನಿಂದ ಹೇಳುತ್ತ ಹೋದಳು. ಹೆಗಲಿನಿಂದ ಸೊಂಟಕ್ಕೆ ಹದಿನಾಲ್ಕು ಇಂಚು. ಸೊಂಟದಿಂದ ಮೊಣಕಾಲಿಗೆ ಹದಿನೈದು. ಮೊಣಕಾಲಿನಿಂದ ಹಿಮ್ಮಡಿಗೆ ಹದಿನಾಲ್ಕು. ತಲೆ, ಕುತ್ತಿಗೆ ಸೇರಿ ಹತ್ತು. ಟೀಚರ್ ಕೂಡಿಸಿ, ಹಲಗೆಯ ಮೇಲೆ ಐವತ್ತಮೂರು ಇಂಚಿಗೆ ಪೆನ್ಸಿಲಿನಿಂದ ಒಂದು ಗೆರೆ ಹಾಕಿದರು.

ಸೌದಾಮಿನಿ ಚಪ್ಪಲಿ ಬಿಟ್ಟು ಹಲಗೆಗೆ ಬೆನ್ನು ತಾಗಿಸಿ ನಿಂತಳು. ಕೈಯಿಂದ ಗೆರೆಯನ್ನು ಹುಡುಕಿದಳು. ಅದು ಅವಳ ಗಲ್ಲದ ನೇರಕ್ಕಿತ್ತು.

"ಇಷ್ಟಕ್ಕೆ ಬರ್ತಿದ್ದಳಾ," ಎಂದಳು. ಆಮೇಲೆ ಅಲ್ಲಿಯೇ ಕುಸಿದು ಕೂತು ಅತ್ತಳು. ಮಗಳು ಹೋದ ಮೇಲೆ ಹೀಗೆ ಅತ್ತದ್ದು ಅದೇ ಮೊದಲೆಂದು ಮರುದಿನ ಹೇಳಿದಳು.

ಎರಡು ವಾರದಲ್ಲಿ ದೇಹ ಮುಗಿಯಿತು. ಎಡಕ್ಕೆ ತಿರುಗಿದ ಮುಖ, ಕೆಳಗೆ ನೀಳವಾಗಿ ಇಳಿದ ಕೈಗಳು, ಒಂದು ಹೆಜ್ಜೆ ಮುಂದಿಟ್ಟ ನೆಟ್ಟಗಿನ ಕಾಲು. ಕಣ್ಣೊಂದು ಬಾಕಿಯಿತ್ತು. ಆವತ್ತು ಮಧ್ಯಾಹ್ನ ಸೌದಾಮಿನಿಯ ಗಂಡ ಮಹಾಲಿಂಗ ಅಡುಗೆಗೆ ಅಕ್ಕಿಚೀಲ ಇಳಿಸಲು ತನ್ನ ಆಟೋದಲ್ಲಿ ಶಾಲೆಗೆ ಬಂದವನು, ಹೆಂಡತಿಯನ್ನು ಹುಡುಕುತ್ತ ಸ್ಟೇಜಿನ ಕೋಣೆಗೆ ಬಂದ. ಬಾಗಿಲಲ್ಲೇ ನಿಂತ.

"ಇದು ಯಾರು?"

"ರಂಜಿನಿ," ಎಂದಳು ಸೌದಾಮಿನಿ.

"ರಂಜಿನಿ ನಿಲ್ತಿರಲಿಲ್ಲ."

ಅವನು ಟೀಚರ್ ಕಡೆ ತಿರುಗಿದ. ಸ್ವರ ಏರಲಿಲ್ಲ. "ಇಪ್ಪತ್ಮೂರು ವರ್ಷ ನಾನು ಅವಳನ್ನು ಹೊತ್ತದ್ದು ಟೀಚರೇ. ಆಸ್ಪತ್ರೆಗೆ, ಕ್ಯಾಂಪಿಗೆ, ತಿರುವನಂತಪುರದವರೆಗೆ. ಅಲ್ಲಿ ರಸ್ತೆಬದಿ ಕೂತು, ನೋಡಿ ಇವಳಿಗೆ ಎಂತ ಮಾಡಿದ್ದೀರಿ ಅಂತ ಹೇಳಿದ್ದೇನೆ. ಈಗ ಈ ಚಿತ್ರ ನನ್ನ ಮನೆಯಲ್ಲಿ ತೂಗುಹಾಕಿದ್ರೆ, ನೋಡಿದವರು ಇವಳಿಗೆ ಎಂತದೂ ಆಗಿರಲಿಲ್ಲ ಅಂತ ತಿಳ್ಕೊಳ್ತಾರೆ. ಅವಳಿಗೆ ಆದದ್ದು ಆಗಲೇ ಇಲ್ಲ ಅಂತ ಆಗ್ತದೆ."

"ಹಾಗಾದ್ರೆ ಸತ್ತ ಮೇಲೂ ಅವಳು ಚಾಪೆಯಲ್ಲಿಯೇ ಇರ್ಬೇಕಾ?" ಎಂದಳು ಸೌದಾಮಿನಿ. "ಚಾದರ ಎಳ್ದು ಕಾಲು ತೋರಿಸಿದ್ದು ನೀವಲ್ಲ, ನಾನು. ನಂಗೆ ಅದು ಸಾಕಾಗಿದೆ."

ಮಹಾಲಿಂಗ ಹೊರಗೆ ನಡೆದ. ಅಕ್ಕಿಚೀಲಗಳನ್ನು ಒಂದೊಂದಾಗಿ ಇಳಿಸಿಟ್ಟು ಆಟೋ ತಿರುಗಿಸಿಕೊಂಡು ಹೋದ.

ಆನ್ಸಿಲ್ಲಾ ಟೀಚರ್ ಆಮೇಲೆ ಆರು ದಿನ ಆ ಕೋಣೆಯ ಬಾಗಿಲು ತೆರೆಯಲಿಲ್ಲ. ಗೋಡೆಯ ಕೆಲಸ ಮಾತ್ರ ಮಾಡಿದರು, ಅದೂ ಮನಸ್ಸಿಲ್ಲದೆ. ಅವನು ಹೇಳಿದ್ದು ಸರಿ. ಅವಳು ಹೇಳಿದ್ದೂ ಸರಿ. ತಾನು ನಡುವೆ ಹೋಗಿ ಹಲಗೆಗೆ ಬಣ್ಣ ಹಚ್ಚಿ, ಮುಚ್ಚಿಕೊಂಡಿದ್ದ ಒಂದು ಗಾಯವನ್ನು ಗಂಡಹೆಂಡಿರ ಮಧ್ಯೆ ಕೆರೆದುಬಿಟ್ಟೆ ಎನಿಸಿತು. ಭಾನುವಾರ ಇಗರ್ಜಿಯಲ್ಲಿ ಮೊಣಕಾಲೂರಿದಾಗಲೂ ಆ ಬಾಕಿಯಿದ್ದ ಕಣ್ಣೇ ಅವರ ಎದುರಿಗೆ ಬರುತ್ತಿತ್ತು.

ಗೋಡೆಯ ಮೇಲೆ ಆ ವಾರ ಅವರು ಬರೆಯುತ್ತಿದ್ದದ್ದು ಹೊಳೆ ದಾಟುವ ದನಗಳ ಚಿತ್ರ. ಮುಂದೆ ಹೋಗುವ ದನಗಾಹಿ ಎಳೆಗರುವನ್ನು ಬೆನ್ನ ಮೇಲೆ ಹೊತ್ತಿದ್ದಾನೆ. ಕರು ತಲೆ ತಿರುಗಿಸಿ ಹಿಂದಿರುವ ತಾಯಿಯ ಕಡೆ ನೋಡುತ್ತಿದೆ. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಗೋರಿಯೊಂದರಲ್ಲಿ ಇಂಥದ್ದೊಂದು ಇದೆಯೆಂದು ಓದಿದ್ದು ಅವರಿಗೆ ನೆನಪಿತ್ತು.

"ಆ ಹಿಡಿದದ್ದು ಸರಿ ಇಲ್ಲ," ಎಂದಿತು ಹಿಂದಿನಿಂದ ಒಂದು ಸ್ವರ. ಮಹಾಲಿಂಗ. ಯಾವಾಗ ಬಂದನೋ ಗೊತ್ತಾಗಿರಲಿಲ್ಲ.

"ಎಂತ ಸರಿ ಇಲ್ಲ?"

"ಹೊರುವವನ ಭಾರ ಎರಡೂ ಬದಿಗೆ ಸಮ ಬರುದಿಲ್ಲ. ಒಂದು ಹೆಗಲು ಕೆಳಗೆ ಹೋಗ್ತದೆ. ಮತ್ತೆ ಕೈಯಲ್ಲಿ ಕಾಲನ್ನು ಮಾತ್ರ ಹಿಡಿದ್ರೆ ಸಾಲದು, ತಲೆಯೂ ಹಿಡೀಬೇಕು. ಹೀಗೆ." ಅವನು ಬಲಗೈಯನ್ನು ಹಿಂದಕ್ಕೆ ಬಳಸಿ, ಇಲ್ಲದ ಒಂದು ತಲೆಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದ. ಅವನ ಬಲ ಹೆಗಲು ಎಡದ್ದಕ್ಕಿಂತ ತಗ್ಗಿರುವುದನ್ನು ಟೀಚರ್ ಆಗ ಕಂಡರು. ಕೈ ಇಳಿಸಿದ ಮೇಲೂ ಅದು ಹಾಗೆಯೇ ಇತ್ತು.

"ನಿಮ್ಮಿಬ್ಬರನ್ನು ಹಾಗೆ ಬರೆಯಲಾ? ನೀವು ಹೊತ್ತ ಹಾಗೆ?" ಎಂದು ಕೇಳಿದರು.

"ಬೇಡ. ನನ್ನನ್ನು ಬಿಡಿ." ಅವನು ಜಗಲಿಯ ಮೆಟ್ಟಿಲ ಮೇಲೆ ಕೂತ. "ಸೌದಾಮಿನಿ ಒಂದು ವಾರದಿಂದ ನನ್ನ ಹತ್ರ ಮಾತಾಡುದಿಲ್ಲ. ಬಡಿಸ್ತಾಳೆ, ಹೋಗ್ತಾಳೆ. ನೀವು ಅದನ್ನು ಮುಗಿಸಿ ಕೊಡಿ ಟೀಚರೇ. ಹೆಸರು ಮಾತ್ರ ಬರೆಯಬೇಡಿ."

"ಯಾಕೆ?"

"ಹೆಸರು ಬರೆದ್ರೆ ರಂಜಿನಿ ಆ ಚಿತ್ರವೇ ಆಗಿಬಿಡ್ತಾಳೆ. ನಾನು ಹೊತ್ತವಳು ಇರುದಿಲ್ಲ."

ಈಜಿಪ್ಟಿನವರ ನಂಬಿಕೆಯನ್ನು ಟೀಚರ್ ಸೌದಾಮಿನಿಗೆ ಮಾತ್ರ ಹೇಳಿದ್ದರು, ಇವನಿಗಲ್ಲ.

ಮರುದಿನ ಕಣ್ಣು ಬರೆದರು. ತೆರೆದ, ಎದುರಿಗೆ ನೋಡುವ ಕಣ್ಣು. ಬಣ್ಣ ಒಣಗಿದ ಮೇಲೆ ಸೌದಾಮಿನಿಯನ್ನು ಕರೆದು, ಮಹಾಲಿಂಗ ಬಂದದ್ದನ್ನೂ ಕೇಳಿದ್ದನ್ನೂ ಮುಚ್ಚಿಡದೆ ಹೇಳಿದರು. "ನಾನು ಹೆಸರು ಬರೆಯುದಿಲ್ಲ ಸೌದಾಮಿನಿ. ನನ್ನ ಮೇಲೆ ಸಿಟ್ಟು ಮಾಡಿದ್ರೂ ಅಡ್ಡಿಯಿಲ್ಲ."

ಸೌದಾಮಿನಿಗೆ ಸಿಟ್ಟು ಬಂತು. ಮುಖದಲ್ಲಿ ಕಾಣುತ್ತಿತ್ತು. "ನೀವೇ ಹೇಳಿದ್ದಲ್ವಾ, ಹೆಸರಿಲ್ಲದಿದ್ರೆ ಯಾರದ್ದೂ ಅಲ್ಲ ಅಂತ," ಎಂದಳು. ಆಮೇಲೆ ಸಣ್ಣ ಕುಂಚವನ್ನು ಕೇಳಿ ತೆಗೆದುಕೊಂಡು, ಹಲಗೆಯನ್ನು ತಿರುಗಿಸಿ, ಹಿಂಭಾಗದಲ್ಲಿ ಶಾಲೆಯ ಮಕ್ಕಳ ಹಾಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ಮಗಳ ಹೆಸರು ಬರೆದಳು. ಟೀಚರ್ ತಡೆಯಲಿಲ್ಲ.

ಅಷ್ಟು ದೊಡ್ಡ ಹಲಗೆಯನ್ನು ಬಸ್ಸಿನಲ್ಲಿ ಒಯ್ಯಲು ಆಗುವಂತಿರಲಿಲ್ಲ. ಶನಿವಾರ ಮಹಾಲಿಂಗನೇ ಆಟೋ ತಂದ. ಹಲಗೆ ಹಿಂದಿನ ಸೀಟಿನಲ್ಲಿ ನೆಟ್ಟಗೆ ನಿಲ್ಲಲಿಲ್ಲ, ಮೇಲಿನ ಕಂಬಿಗೆ ತಾಗುತ್ತಿತ್ತು. ಅಡ್ಡ ಮಲಗಿಸಲು ತಿರುಗಿಸಿದಾಗ ಹಿಂಭಾಗದ ಅಕ್ಷರಗಳು ಅವನ ಕಣ್ಣಿಗೆ ಬಿದ್ದವು. ಅವನು ಹೆಂಡತಿಯನ್ನು ನೋಡಿದ. ಅವಳು ತಲೆ ತಗ್ಗಿಸಲಿಲ್ಲ. ಅವನು ಬೆಡ್‌ಶೀಟು ಸುತ್ತಿ, ಹಗ್ಗದಲ್ಲಿ ಎರಡು ಕಡೆ ಕಟ್ಟಿದ. ಸೌದಾಮಿನಿಗೆ ಕೂರಲು ಹಿಂದೆ ಜಾಗವಿರಲಿಲ್ಲ. ಅವನ ಪಕ್ಕದಲ್ಲಿ, ಅರ್ಧ ಸೀಟಿನ ಮೇಲೆ ಒತ್ತಿಕೊಂಡು ಕೂತಳು. ಆಟೋ ಹೊಂಡಗಳನ್ನು ತಪ್ಪಿಸುತ್ತ ನಿಧಾನವಾಗಿ ಇಳಿಜಾರು ಇಳಿಯಿತು.

ಹತ್ತು ದಿನ ಟೀಚರ್ ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹನ್ನೊಂದನೆಯ ದಿನ ಕಂಬದ ಹತ್ತಿರ ಬಂದು ನಿಂತಳು.

"ಒಳಕೋಣೆಯಲ್ಲಿ ಇಟ್ಟಿದ್ದೇನೆ. ಇವರು ಆ ಕೋಣೆಗೆ ಬರುದಿಲ್ಲ. ಜಗಲಿಯಲ್ಲಿ ಅವಳ ಪೇಪರಿನ ಫೋಟೋ ಒಂದಕ್ಕೆ ಫ್ರೇಮು ಹಾಕಿಸಿ ತಂದು ಇಟ್ಟಿದ್ದಾರೆ."

"ನಾನು ಮಾಡಿದ್ದು ತಪ್ಪಾಯ್ತಾ, ಸೌದಾಮಿನಿ?"

"ಗೊತ್ತಿಲ್ಲ ಟೀಚರೇ. ಮೊದಲು ಮನೆಯಲ್ಲಿ ಅವಳ ಹೆಸರೇ ತೆಗೀತಿರಲಿಲ್ಲ ನಾವು. ಈಗ ಜಗಳ ಆಗ್ತದೆ. ಅವಳ ವಿಷಯದಲ್ಲಿಯೇ ಆಗುದು."

ಅಡುಗೆಕೋಣೆಯಲ್ಲಿ ಯಾರೋ ಕರೆದರು. ಅವಳು ಹೋದಳು. ಆನ್ಸಿಲ್ಲಾ ಟೀಚರ್ ಗೋಡೆಯ ಕೊನೆಯಲ್ಲಿ ಉಳಿದಿದ್ದ ಬಿಳಿ ಜಾಗಕ್ಕೆ ದಾರ ಹಿಡಿದು ಹೊಸ ಗೆರೆಗಳನ್ನು ಎಳೆಯತೊಡಗಿದರು.