ಹನ್ನೊಂದು ಮನೆಯ ತುಪ್ಪಳ

ಖಂದ್ಮಾ ತನ್ನ ಹಿಂಡಿನ ನೂರ ಎಂಬತ್ತು ಆಡುಗಳನ್ನು ಕಟುಕರ ಲಾರಿಗೆ ಹತ್ತಿಸಿದ ದಿನ, ಪಕ್ಕದ ಕಣಿವೆಯ ಗೊಂಬೊ ಕುದುರೆಯಿಂದ ಇಳಿಯದೆ ಮೋಜು ನೋಡುತ್ತಿದ್ದ. ಅವನ ಹಿಂಡಿನಲ್ಲಿ ಎಂಟುನೂರು ಆಡುಗಳಿದ್ದವು.

"ಏನತ್ತಿಗೆ, ತಲೆ ನೆಟ್ಟಗಿದೆಯಾ? ಊರೋರೆಲ್ಲ ಆಡು ಹೆಚ್ಚಿಸ್ಕೋತಿದ್ರೆ ನೀನು ಸಾಗಹಾಕ್ತಿದೀಯಲ್ಲ!"

"ನಿನ್ನ ಆಡುಗಳು ಆ ಗುಡ್ಡಾನ ಬೋಳು ತಲೆ ಮಾಡಿಟ್ಟಿವೆ. ಮೊದ್ಲು ಅದಕ್ಕೊಂದು ಟೋಪಿ ಹಾಕು ಹೋಗು," ಎಂದಳು ಖಂದ್ಮಾ.

ಮಾತು ಖಾರವಾಗಿಯೇ ಬಂತು, ಆದರೆ ಕಣ್ಣು ಲಾರಿಯ ಕಡೆಗೇ ಇತ್ತು. ಮೂರು ವರ್ಷದ ಕೆಳಗೆ ಹಿಮ ಬಿದ್ದು ದನಕರು ಕಲ್ಲಾಗಿ ಸತ್ತ ಚಳಿಗಾಲದಲ್ಲಿ ಒಲೆಯ ಪಕ್ಕ ಮಲಗಿಸಿ, ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿಕೊಂಡ ಬಿಳಿ ಆಡೂ ಆ ಲಾರಿಯಲ್ಲಿತ್ತು. ಅದನ್ನು ತಾನೇ ಎತ್ತಿ ಹತ್ತಿಸಿದ್ದಳು. ಬೇರೆಯವರು ಕಾಲು ಹಿಡಿದು ಎಳೆಯುವುದು ಬೇಡವೆಂದು.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಗೋಬಿ ಮರುಭೂಮಿಯ ಆಡು ಸೊಪ್ಪಿಗೇ ನಿಲ್ಲುವುದಿಲ್ಲ, ಬೇರನ್ನೂ ಕಿತ್ತು ತಿನ್ನುತ್ತದೆ. ಹತ್ತು ವರ್ಷದಲ್ಲಿ ಕಣಿವೆ ಹಳದಿಯಾಗಿ, ಆಮೇಲೆ ಬೂದಿಯಾಗಿ ಹೋದದ್ದನ್ನು ಖಂದ್ಮಾ ಕಣ್ಣಾರೆ ಕಂಡಿದ್ದಳು. ಆದ್ದರಿಂದಲೇ ರಾಜಧಾನಿಯ ಸ್ವೆಟರ್ ಕಂಪನಿಯವರು ಬಂದು ಮಾತಾಡಿದಾಗ, ಹನ್ನೊಂದು ಕುಟುಂಬಗಳನ್ನು ಒಪ್ಪಿಸಲು ಗುಡಾರದಿಂದ ಗುಡಾರಕ್ಕೆ ಅಲೆದವಳು ಅವಳೇ. ಒಪ್ಪಂದ ಇಷ್ಟು: ಆಡು ಕಡಿಮೆ ಮಾಡಬೇಕು, ಕುರಿ ಒಂಟೆ ಹೆಚ್ಚಿಸಬೇಕು. ತೆಂಕಣ ಕಣಿವೆಗೆ ಎರಡು ಬೇಸಿಗೆ ಯಾರೂ ಕಾಲಿಡಬಾರದು. ಕತ್ತರಿ ಮುಟ್ಟಿಸದೆ ಬಾಚಣಿಗೆಯಿಂದಲೇ ಒರಟು ಕೂದಲಿನಡಿಯ ಮೆತ್ತನೆ ತುಪ್ಪಳ ತೆಗೆಯಬೇಕು. ಕಂಪನಿ ಅವರ ತುಪ್ಪಳವನ್ನು ಹೆಚ್ಚಿನ ಬೆಲೆಗೆ ಕೊಂಡು, ಬೇರೆ ಯಾವುದರ ಜೊತೆಗೂ ಬೆರೆಸದೆ ಸ್ವೆಟರ್ ಹೆಣೆಯುತ್ತದೆ. ಸ್ವೆಟರಿನ ಚೀಟಿಯ ಮೇಲೆ ಖಂದ್ಮಾಳ ನಗುಮುಖ, ಅದರ ಕೆಳಗೆ 'ಹುಲ್ಲು ಉಳಿಸಿದ ಹನ್ನೊಂದು ಮನೆಗಳ ಕೈಯಿಂದ' ಎಂಬ ಮಾತು.

ಮೂರನೆಯ ವಸಂತಕ್ಕೆ ತೆಂಕಣ ಕಣಿವೆಯಲ್ಲಿ ಮೊಣಕಾಲೆತ್ತರ ಹುಲ್ಲು ಎದ್ದಿತ್ತು. ಆಡುಗಳ ತುಪ್ಪಳ ತಾನಾಗಿ ಸಡಿಲವಾಗುವ ತನಕ ಕಾದು, ಒಂದೊಂದನ್ನೇ ಮಲಗಿಸಿ, ಮೂರು ಕಾಲು ಕಟ್ಟಿ, ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ಒರಟು ಕೂದಲು, ಕಸ, ಮರಳು ತೆಗೆದು, ಆಮೇಲೆ ತುದಿ ಬಾಗಿದ ಉದ್ದ ಹಲ್ಲಿನದರಿಂದ ಕುತ್ತಿಗೆಯಿಂದ ಹೊಟ್ಟೆಯ ಕಡೆಗೆ ಮೆಲ್ಲಗೆ ಎಳೆದಳು. ಒಂದು ಆಡಿಗೆ ಹತ್ತಿರ ಹತ್ತಿರ ಒಂದು ಗಂಟೆ. ಸಿಗುವುದು ಒಂದು ಟೋಪಿ ತುಂಬುವಷ್ಟು. ಮಣಿಕಟ್ಟು ಊದಿಕೊಂಡು ಚಹಾ ಬಟ್ಟಲು ಎತ್ತಲಾಗದೆ ಗಂಡ ಬದಮ್ ಬಟ್ಟಲನ್ನು ಅವಳ ಬಾಯಿಗೆ ಹಿಡಿದದ್ದೂ ಉಂಟು. ಬಿಳಿಯದು ಬೇರೆ, ಕಂದು ಬೇರೆ, ಎಳೆ ಆಡಿನದು ಬೇರೆ ಎಂದು ವಿಂಗಡಿಸಿ, ಹನ್ನೊಂದೂ ಮನೆಯ ಚೀಲಗಳ ಬಾಯಿಗೆ ಒಂಟೆ ಕೂದಲಿನ ದಾರದಲ್ಲಿ ತನ್ನದೇ ಎರಡು ಸುತ್ತಿನ ಗಂಟು ಹಾಕಿದಳು. ಕಂಪನಿಯ ಲಾರಿ ಬಂದು ಒಯ್ದಿತು.

ಸೆಪ್ಟೆಂಬರಿನಲ್ಲಿ ಕಂಪನಿಯವರು ಅವಳನ್ನು ರಾಜಧಾನಿಗೆ ಕರೆಸಿಕೊಂಡರು. ವಿದೇಶದ ವ್ಯಾಪಾರಿಗಳು ಬರುತ್ತಾರೆ, ಅವಳು ವೇದಿಕೆಯ ಮೇಲೆ ಬಾಚಣಿಗೆ ಹಿಡಿದು ನಿಲ್ಲಬೇಕು.

"ನೀವೇನೂ ಹೆಚ್ಚು ಮಾತಾಡೋದು ಬೇಡ ಅಕ್ಕ," ಎಂದ ಮ್ಯಾನೇಜರ್ ತೆಮೂಲೆನ್. "ನಗ್ತಾ ನಿಂತ್ರೆ ಸಾಕು. ನಿಮ್ಮ ನಗುವಿಗೇ ಅರ್ಧ ಮಾಲು ಹೋಗತ್ತೆ."

ಅವಳಿಗೆ ಸಂಕೋಚವಾಯಿತು, ಹೆಮ್ಮೆಯೂ ಆಯಿತು. ಕಾರ್ಖಾನೆ ತೋರಿಸಿದರು. ತೊಟ್ಟಿಗಳಲ್ಲಿ ತುಪ್ಪಳ ತೊಳೆಯುತ್ತಿದ್ದರು. ಒರಟು ಕೂದಲನ್ನು ಕೊಡವಿ ಬೇರ್ಪಡಿಸುವ ಯಂತ್ರ ಗುಡುಗುತ್ತಿತ್ತು. ಆಚೆ ನೂಲು, ಬಣ್ಣ, ಹೆಣಿಗೆ. ಕೊನೆಯ ಕೋಣೆಯಲ್ಲಿ ಹೆಂಗಸರು ಸಾಲಾಗಿ ಕೂತು ಸ್ವೆಟರಿನ ತೋಳನ್ನು ಮೈಗೆ ಒಂದೊಂದೇ ಕುಣಿಕೆ ಸೇರಿಸಿ ಜೋಡಿಸುತ್ತಿದ್ದರು. ಅವರ ಕಣ್ಣುಗಳು ಕೆಂಪಾಗಿದ್ದವು. 'ನಮ್ಮ ಹಾಗೆಯೇ ದುಡಿಯೋರು' ಅಂದುಕೊಂಡಳು.

ಕೈ ತೊಳೆಯಲು ಹೋದವಳು ದಾರಿ ತಪ್ಪಿ ಹಿಂದಿನ ಗೋದಾಮಿಗೆ ಹೊಕ್ಕಳು. ಗೋಡೆಯುದ್ದಕ್ಕೂ ಚೀಲಗಳು. ಒಂದೊಂದರ ಬಾಯಲ್ಲೂ ಅವಳ ಎರಡು ಸುತ್ತಿನ ಗಂಟು. ಒಂದನ್ನೂ ಬಿಚ್ಚಿರಲಿಲ್ಲ.

ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಮೂಲೆಯಲ್ಲಿ ಬೇರೆ ರಾಶಿಯಿಂದ ಕಸ ಆರಿಸುತ್ತಿದ್ದಳು. ಅವಳ ಹೆಸರು ಉರ್ನಾ.

"ಇಲ್ಲಿಗೆ ಬರಬಾರ್ದು ಅಕ್ಕ," ಎಂದವಳು ಮುಖ ನೋಡಿ ಗುರುತು ಹಿಡಿದಳು. "ಅಯ್ಯೋ! ಚೀಟಿಯೋರು ನೀವೇ ಅಲ್ವಾ?"

"ಇದು ನಮ್ಮ ತುಪ್ಪಳ. ಯಾಕಿನ್ನೂ ಬಿಚ್ಚಿಲ್ಲ?"

ಉರ್ನಾ ಬಾಗಿಲ ಕಡೆ ನೋಡಿದಳು. "ಬಿಚ್ಚೋದಿಲ್ಲ. ಇಷ್ಟು ಉದ್ದ ಎಳೆ ಇರೋ ಮಾಲು ಹಾಗೇ ಗಡಿಯಾಚೆ ಹೋಗತ್ತೆ, ಅಲ್ಲಿ ಒಳ್ಳೆ ಬೆಲೆ. ನಿಮ್ಮ ಚೀಟಿ ಹಾಕೋ ಸ್ವೆಟರಿಗೆ ಇದು," ಎಂದು ಮುಂದಿದ್ದ ರಾಶಿಯನ್ನು ತೋರಿಸಿದಳು. "ಕತ್ತರೀಲಿ ಬೋಳಿಸಿದ್ದು. ಜೊತೆಗೆ ಕುರಿ ಉಣ್ಣೆ."

ಖಂದ್ಮಾ ರಾಶಿಗೆ ಕೈ ಹಾಕಿದಳು. ಎಳೆ ಗಿಡ್ಡ, ಒರಟು. ಬೆರಳ ನಡುವೆ ಉಜ್ಜಿದರೆ ಚುಚ್ಚಿತು. "ಇದು ಎಲ್ಲಿಂದ ಬಂತು?"

"ಲಾರಿ ವ್ಯಾಪಾರಿಗಳಿಂದ. ಸಾವಿರಗಟ್ಟಲೆ ಆಡು ಸಾಕಿದೋರದ್ದು. ನಿಮ್ಮ ಪಕ್ಕದ ಕಣಿವೆದೂ ಇರಬಹುದು, ಯಾರಿಗ್ಗೊತ್ತು?"

ಗೊಂಬೊನ ಆಡುಗಳ ಕೂದಲಿಗೆ ತನ್ನ ಮುಖ! ಲಾರಿಯ ಹಲಗೆಯ ಸಂದಿನಿಂದ ತನ್ನನ್ನೇ ನೋಡುತ್ತಿದ್ದ ಬಿಳಿ ಆಡು ಕಣ್ಣ ಮುಂದೆ ಬಂತು. ಅಳು ಬರಲಿಲ್ಲ. ತನ್ನ ಚೀಲವೊಂದರ ಗಂಟನ್ನು ಹಲ್ಲಿನಿಂದ ಬಿಚ್ಚಿ, ಒಂದು ಹಿಡಿ ತುಪ್ಪಳವನ್ನು ನಿಲುವಂಗಿಯ ಎದೆಯೊಳಗೆ ತುರುಕಿಕೊಂಡಳು.

ಮಧ್ಯಾಹ್ನ ವೇದಿಕೆ ಏರಿಸಿದರು. ಎದುರಿಗೆ ಮೂವತ್ತು ನಲವತ್ತು ಜನ ವಿದೇಶೀಯರು. ಪಕ್ಕದಲ್ಲಿ ಭಾಷಾಂತರ ಮಾಡುವ ಹುಡುಗಿ. ಕಪ್ಪು ಬಟ್ಟೆ ಹಾಸಿದ ಮೇಜಿನ ಮೇಲೆ ಸ್ವೆಟರುಗಳು, ಪ್ರತಿಯೊಂದಕ್ಕೂ ಅವಳ ನಗು ನೇತಾಡುತ್ತಿತ್ತು.

ಖಂದ್ಮಾ ಗಟ್ಟಿಯಾಗಿ ಹೇಳಿದಳು. "ಈ ಸ್ವೆಟರುಗಳಲ್ಲಿ ನಮ್ಮ ಆಡುಗಳ ಒಂದು ಎಳೇನೂ ಇಲ್ಲ. ಇವ್ರು ನಿಮಗೂ ಸುಳ್ಳು ಹೇಳಿದಾರೆ, ನಮಗೂ ಹೇಳಿದಾರೆ."

ಹುಡುಗಿ ತೆಮೂಲೆನ್‌ನ ಮುಖ ನೋಡಿದಳು, ಏನೋ ಭಾಷಾಂತರಿಸಿದಳು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು.

"ಏನು ಹೇಳಿದೆ ನೀನು?"

"ನಿಮಗೆ ತುಂಬಾ ಸಂತೋಷ ಆಗಿದೆ ಅಂತ..." ಹುಡುಗಿಯ ದನಿ ಇಳಿದುಹೋಯಿತು.

"ಸಂತೋಷಾನಾ?" ಖಂದ್ಮಾ ನಡುವಿಗೆ ಸಿಕ್ಕಿಸಿದ್ದ ಚಾಕು ಎಳೆದಳು. ಮುಂದಿನ ಸಾಲಿನವರು ಹೌಹಾರಿದರು. ಅವಳು ಮೇಜಿನ ಮೇಲಿದ್ದ ಒಂದು ಸ್ವೆಟರಿನ ಚೀಟಿಯನ್ನು ಕತ್ತರಿಸಿ ನೆಲಕ್ಕೆಸೆದು ಬೂಟುಗಾಲಲ್ಲಿ ಹೊಸಕಿದಳು. ತನ್ನ ಮುಖವನ್ನೇ. ಆಮೇಲೆ ಬಾಚಣಿಗೆಯನ್ನು ಸ್ವೆಟರಿನ ಎದೆಗೆ ಹಾಕಿ ಬರಬರನೆ ಎಳೆದಳು. ಕಿತ್ತು ಬಂದದ್ದನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಪಕ್ಕದಲ್ಲಿ ಎದೆಯೊಳಗಿನ ಹಿಡಿ ತುಪ್ಪಳವನ್ನಿಟ್ಟು, "ಬನ್ನಿ! ಮುಟ್ಟಿ ನೋಡಿ!" ಎಂದು ಕೈ ಬೀಸಿದಳು.

ವ್ಯಾಪಾರಿಗಳಲ್ಲಿ ಒಬ್ಬ ಮುದುಕಿ ಮಾತ್ರ ಎದ್ದು ಬಂದಳು. ಕನ್ನಡಕ ತೆಗೆದಿಟ್ಟು, ಇದರಿಂದೊಂದು ಎಳೆ ಅದರಿಂದೊಂದು ಎಳೆ ಬೆಳಕಿಗೆ ಹಿಡಿದು ಎಳೆದು ನೋಡಿದಳು. ಆ ಬೆರಳುಗಳಿಗೆ ಭಾಷಾಂತರ ಬೇಕಿರಲಿಲ್ಲ. ತಿರುಗಿ ತೆಮೂಲೆನ್‌ನನ್ನು ಏನೋ ಚಿಕ್ಕದಾಗಿ ಕೇಳಿದಳು. ಅವನ ಕಿವಿ ಕೆಂಪಾಯಿತು. ಮುದುಕಿ ಕೋಟು ತೆಗೆದುಕೊಂಡು ಹೊರಟಳು, ಅವಳ ಹಿಂದೆ ಇನ್ನೂ ಏಳೆಂಟು ಜನ.

"ಏನ್ ಮಾಡಿದ್ರಿ ಗೊತ್ತಾ? ನಿಮ್ಮೋರ ಅನ್ನಕ್ಕೇ ಕಲ್ಲು ಹಾಕಿದ್ರಿ!" ಎಂದು ತೆಮೂಲೆನ್ ಹಲ್ಲು ಕಡಿದ.

"ಕಲ್ಲು ಬೆರೆಸಿ ಬಡಿಸಿದ್ದು ನೀನು. ನಾನು ಆರಿಸಿ ತೋರಿಸ್ದೆ, ಅಷ್ಟೇ."

ವಾರದೊಳಗೆ ಕಂಪನಿ ಒಪ್ಪಂದ ಮುರಿಯಿತು. ಹನ್ನೊಂದು ಮನೆಯವರು ಖಂದ್ಮಾಳ ಗುಡಾರದಲ್ಲಿ ಸೇರಿದಾಗ ಚಹಾ ಆರಿತೇ ಹೊರತು ಜಗಳ ಆರಲಿಲ್ಲ. ಮೋಸ ಸಹಿಸಬಾರದು ಎಂದವರಿದ್ದರು. ಬಾಯಿ ಮುಚ್ಚಿಕೊಂಡು ಬರಬಹುದಿತ್ತು ಎಂದವರೂ ಇದ್ದರು. "ನಿನ್ನ ಸಿಟ್ಟಿಗೆ ನಮ್ಮ ಮಕ್ಕಳು ಯಾಕೆ ಉಪವಾಸ ಬೀಳ್ಬೇಕು?" ಎಂದು ಒಬ್ಬಾಕೆ ಕೇಳಿದಳು. ಆರು ಮನೆಯವರು ಲಾರಿ ವ್ಯಾಪಾರಿಯ ಕಡೆ ಹೋದರು. ಐದು ಮನೆ ಉಳಿಯಿತು.

ಮರುದಿನ ಗೊಂಬೊ ಬಂದ. "ನಿನ್ನ ಮುಖ ಹೊತ್ಕೊಂಡು ನನ್ನ ಆಡುಗಳು ಪರದೇಶ ತಿರುಗಿದ್ವಂತಲ್ಲ ಅತ್ತಿಗೆ!" ಎಂದು ತೊಡೆ ತಟ್ಟಿ ನಕ್ಕ. ಖಂದ್ಮಾ ಸಗಣಿಬುಟ್ಟಿ ಎತ್ತಿ ಅವನ ಕುದುರೆಯ ಕಡೆಗೆ ಬೀಸಿದಳು.

ಉರ್ನಾಳ ಕೆಲಸವೂ ಹೋಗಿತ್ತು. ಅವಳು ಜಿಲ್ಲಾ ಪಟ್ಟಣದ ತಂಗಿಯ ಮನೆಗೆ ಬಂದು, ಎರಡು ಹಳೆಯ ಹೆಣಿಗೆ ಯಂತ್ರ ಹೂಡಿದಳು. ಐದು ಮನೆಯವರು ಮುಂದಿನ ವಸಂತದ ತುಪ್ಪಳವನ್ನು ಅಲ್ಲಿಗೇ ಒಯ್ದರು. ಪಟ್ಟಣದ ಸಣ್ಣ ಗಿರಣಿ ನೂತುಕೊಟ್ಟಿತು. ಆ ವರ್ಷ ಆದದ್ದು ಮೂವತ್ತನಾಲ್ಕು ಸ್ವೆಟರು. ಬಣ್ಣ ಹಾಕಲಿಲ್ಲ, ಆಡಿನ ಬಣ್ಣವೇ. ಕೆಲವಕ್ಕೆ ಕತ್ತು ಬಿಗಿಯಾಯಿತು. ಎಲ್ಲವೂ ಮಾರಿಹೋದವು. ಹೊಟ್ಟೆ ತುಂಬಲಿಲ್ಲ, ಆದರೆ ಬದುಕು ಮುರಿಯಲೂ ಇಲ್ಲ. ತೆಂಕಣ ಕಣಿವೆಯ ಅರ್ಧಕ್ಕೆ, ಬಿಟ್ಟುಹೋದ ಆರು ಮನೆಗಳ ಆಡುಗಳು ಮತ್ತೆ ನುಗ್ಗಿದವು.

ಆ ಚಳಿಗಾಲ ಉರ್ನಾ ಒಂದು ಚೀಟಿ ತೋರಿಸಿದಳು. ಅದೇ ಕಂಪನಿ, ಅದೇ ಮಾತು, ಮುಖ ಮಾತ್ರ ಬೇರೆ. ಅಲ್ತಾಯ್ ಬೆಟ್ಟಗಳ ಕಡೆಯ ಯಾರೋ ನಡುವಯಸ್ಸಿನ ಹೆಂಗಸು ಬಾಚಣಿಗೆ ಹಿಡಿದು ನಗುತ್ತಿದ್ದಳು. ಅವಳ ಗುರುತು ವಿಳಾಸವನ್ನು ಉರ್ನಾ ಕಾರ್ಖಾನೆಯ ಗೆಳತಿಯರಿಂದ ಕೇಳಿ ತಂದಿದ್ದಳು.

ಖಂದ್ಮಾ ಚೀಟಿಯನ್ನು ನಿಲುವಂಗಿಯೊಳಗೆ ಸೇರಿಸಿದಳು. "ಬೈಕಿಗೆ ಪೆಟ್ರೋಲ್ ಹಾಕಿಸ್ಕೊಂಡು ಬಾ," ಎಂದಳು ಬದಮ್‌ಗೆ.

"ಎರಡು ದಿನದ ದಾರಿ ಕಣೇ. ಈ ಚಳೀಲಿ?"

"ಚಳಿಗಾಲ ಕಳೀಲಿ ಅಂತ ಕೂತ್ರೆ ಅವ್ಳು ಆಡುಗಳನ್ನ ಲಾರಿ ಹತ್ತಿಸಿಬಿಡ್ತಾಳೆ."

ಮೂರನೆಯ ದಿನ ಬೆಳಿಗ್ಗೆ, ಹುಬ್ಬಿನ ಮೇಲೆ ಮಂಜು ಕಟ್ಟಿಕೊಂಡು ಆ ಹೆಂಗಸಿನ ಗುಡಾರ ಮುಟ್ಟಿದರು. ನಾಯಿ ಬೊಗಳಿತು. ಅವಳು ಹೊರಗೆ ಬಂದು, ಗುರುತಿಲ್ಲದಿದ್ದರೂ ಒಳಗೆ ಕರೆದು ಬಿಸಿ ಚಹಾ ಸುರಿದಳು. ಅಂಗಳದಲ್ಲಿ ನೂರಕ್ಕೂ ಹೆಚ್ಚು ಆಡುಗಳನ್ನು ಕಟುಕರ ಲಾರಿಗೆಂದು ಬೇರೆ ಮಾಡಿ ಕಟ್ಟಿಹಾಕಿದ್ದರು.

ಖಂದ್ಮಾ ಕೂರಲಿಲ್ಲ. ನಿಂತೇ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಚೀಲ, ಗಂಟು, ಬೋಳಿಸಿದ ಕೂದಲಿನ ರಾಶಿ, ಬಾಟಲಿ ಹಾಲು ಕುಡಿದ ಬಿಳಿ ಆಡು. ಆ ಹೆಂಗಸು ಕೇಳಿ ಮುಗಿದ ಮೇಲೆ ಎದ್ದು ಬಾಗಿಲು ತೆರೆದು, ಹೊರಗಿದ್ದ ಗಂಡನಿಗೆ ಗಂಟಲು ಹರಿಯುವಂತೆ ಕೂಗಿದಳು.

"ಆ ಹಗ್ಗ ಬಿಚ್ಚು! ಎಲ್ಲವನ್ನೂ ಬಿಡು! ಲಾರಿಯೋನು ಬಂದ್ರೆ ನನ್ನ ಹತ್ರ ಕಳ್ಸು, ನಾನು ಮಾತಾಡ್ತೀನಿ."